ನಮ್ಮ ಮನೆಯ ಪುಲ್ಲರ್

ಕೈಯಲ್ಲಿ ಏನೂ ಕೆಲಸ ಬಾರದ ಗಂಡನನ್ನು ಕಟ್ಟಿಕೊಂಡ ಹೆಂಗಸರು ಪುಣ್ಯವಂತರು. ನಲ್ಲಿ ಸೋರಿದರೆ ನಲ್ಲಿ ರಿಪೇರಿಯವನನ್ನು ಕರೆಸುತ್ತಾರೆ, ಗಡಿಯಾರ ನಿಂತರೆ ಅಂಗಡಿಗೆ ಕಳಿಸುತ್ತಾರೆ, ಸಂಜೆ ಹೊತ್ತಿಗೆ ಎಲ್ಲವೂ ಸರಿಹೋಗಿರುತ್ತದೆ. ನನ್ನ ಯಜಮಾನರಿಗೆ ಎಲ್ಲ ಕೆಲಸವೂ ಬರುತ್ತದೆ. ಅದೇ ನನ್ನ ಗ್ರಹಚಾರ.

ಈ ಮಾತು ಯಾಕೆ ಬಂತೆಂದರೆ, ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಹೆಣ್ಣುಮಗಳು ಉಪ್ಪಿನಕಾಯಿ ಕೇಳಿಕೊಂಡು ಬಂದಿದ್ದಳು. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಭಾರಕ್ಕೆಂದು ನಾನೊಂದು ಕಬ್ಬಿಣದ ಬಿಲ್ಲೆ ಇಟ್ಟಿರುತ್ತೇನೆ. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು, ಹೆಬ್ಬೆರಳು ದಪ್ಪ. ಅಂಚಿನ ಸುತ್ತ ತೂತುಗಳು, ನಡುವೆ ಬೆಸೆದ ದೊಡ್ಡದೊಂದು ನಟ್ಟು, ಆ ನಟ್ಟಿನೊಳಗೆ ಒಂದು ದಪ್ಪ ಬೋಲ್ಟು. ಅವಳು ಅದನ್ನು ಎತ್ತಲು ಹೋಗಿ, ಭಾರಕ್ಕೆ ಬೆಚ್ಚಿ, ‘ಇದೇನ್ರಿ ಅಜ್ಜಿ, ಶಾವಿಗೆ ಒತ್ತೋದಾ?’ ಎಂದಳು. ಅಲ್ಲಮ್ಮ, ಇದು ನಮ್ಮನೆಯವರು ಮಾಡಿದ ಪುಲ್ಲರ್, ಕಾರಿನ ಹಿಂದಿನ ಗಾಲಿಯ ಡ್ರಮ್ಮನ್ನು ಎಳೆದು ತೆಗೆಯುವ ಸಾಧನ ಎಂದೆ. ‘ಓ, ಅಜ್ಜಾರು ಮೆಕ್ಯಾನಿಕ್ಕಾ?’ ಎಂದು ಕೇಳಿದಳು. ಪಡಸಾಲೆಯಲ್ಲಿ ಕೂತು ರೇಡಿಯೊ ಬಿಚ್ಚುತ್ತಿದ್ದ ಅಜ್ಜಾರಿಗೆ ಇದು ಕೇಳಿಸಿತು. ಮುಖ ಅರಳಿತು. ಅವರು ಮೆಕ್ಯಾನಿಕ್ ಅಲ್ಲ. ದಾವಣಗೆರೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು.

ಕಾರು ನನ್ನ ಅಪ್ಪನದು. ಅಪ್ಪ ಹರಿಹರದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಯಾರೋ ಇಂಗ್ಲಿಷ್ ದೊರೆ ಊರಿಗೆ ಹೋಗುವಾಗ ಬಿಟ್ಟುಹೋದ ಕಾರನ್ನು ಕೊಂಡಿದ್ದರು. ಕಪ್ಪು ಬಣ್ಣ, ಕಣ್ಣುಬ್ಬಿದ ದೀಪಗಳು. ನನ್ನ ತಮ್ಮ ರುದ್ರೇಶ ಆಗಷ್ಟೇ ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದ್ದ. ಅವನಿಗೆ ಯಂತ್ರವೆಂದರೆ ಹೊಸದಾಗಿರಬೇಕು, ಹೇಳಿದ ಮಾತು ಕೇಳಬೇಕು. ನಮ್ಮವರಿಗೆ ಹಳೆಯದೇ ಆಗಬೇಕು, ಕೆಟ್ಟಿದ್ದರೆ ಇನ್ನೂ ಒಳ್ಳೆಯದು. ಅಪ್ಪ ತೀರಿಕೊಂಡ ಮೇಲೆ ತಮ್ಮ ಕಾರನ್ನು ಗುಜರಿಗೆ ಹಾಕುತ್ತೇನೆಂದ. ಇವರು ನಮಗೆ ಕೊಡು ಎಂದರು. ಆಗ ಅವನು, ಪಡಸಾಲೆಯ ತುಂಬ ನೆಂಟರು ಕೂತಿರುವಾಗ, ‘ತಗೊಂಡ್ ಹೋಗ್ರಿ ಭಾವ, ಯಾರು ಬ್ಯಾಡಂದ್ರು? ಆದ್ರ ಬಾತಿ ಗುಡ್ಡ ದಾಟಿದ್ರೆ ನನ್ನ ಹೆಸರು ಬದಲಾಯಿಸ್ತೀನಿ’ ಎಂದುಬಿಟ್ಟ.

ಕಾರು ದಾವಣಗೆರೆಯ ದಾರಿಯಲ್ಲಿ ಬಾತಿಯ ಹತ್ತಿರವೇ ನಿಂತಿತು. ಹತ್ತಿಯ ಲಾರಿಯೊಂದಕ್ಕೆ ಹಗ್ಗ ಕಟ್ಟಿಸಿಕೊಂಡು ಅದು ದಾವಣಗೆರೆ ಸೇರಿತು. ನಾನು ಒಳಗೆ ಸೆರಗು ಮುಚ್ಚಿಕೊಂಡು ಕೂತಿದ್ದೆ. ಮನೆ ಮುಟ್ಟಿದ ಮೇಲೆ ಇವರು ಕೈಕಾಲು ತೊಳೆದುಕೊಂಡು, ಟವೆಲಿನಿಂದ ಮುಖ ಒರೆಸಿಕೊಂಡು, ‘ಇನ್ನು ಹರಿಹರಕ್ಕೆ ಕಾಲಿಟ್ರೆ ಈ ಕಾರಲ್ಲೇ. ಬಸ್ಸಲ್ಲಿ, ರೈಲಲ್ಲಿ ಬರಾಕಿಲ್ಲ’ ಎಂದರು. ಸಿಟ್ಟಿನ ಮಾತು, ಎರಡು ದಿನದಲ್ಲಿ ತಣ್ಣಗಾಗುತ್ತದೆ ಎಂದುಕೊಂಡೆ. ವರ್ಷಗಳು ಕಳೆದವು. ಅತ್ತ ತಮ್ಮ, ‘ಬಂದ್ರೆ ಇಬ್ರೂ ಬರ್ರಿ, ಒಬ್ಬಾಕಿನೇ ಬಂದು ಭಾವ ಯಾಕೆ ಬರ್ಲಿಲ್ಲ ಅಂತ ಓಣಿಯವರ ಹತ್ರ ಅನ್ನಿಸ್ಕೊಬ್ಯಾಡ’ ಎಂದು ಹೇಳಿಕಳಿಸಿದ. ಅಪ್ಪ ಇಲ್ಲ, ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ತವರು ಎಂದರೆ ನನಗೆ ಉಳಿದವನು ಅವನೊಬ್ಬ. ತಾಸಿಗೊಂದು ಬಸ್ಸಿರುವ ಊರಿಗೆ ನಾನು ಹೋಗದಂತೆ ಈ ಇಬ್ಬರು ಗಂಡಸರು ಕೂಡಿ ಮಾಡಿದ್ದರು, ಒಬ್ಬರ ಮುಖ ಒಬ್ಬರು ನೋಡದೆಯೇ.

ಕಾರು ಬೇವಿನ ಮರದಡಿ ನಿಂತಿತು. ನಮ್ಮ ಅತ್ತೆಗೆ ಅದರ ಮೇಲೆ ಬಹಳ ಪ್ರೀತಿ, ಯಾಕೆಂದರೆ ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೆ ಸಂಡಿಗೆ ಒಂದೇ ದಿನದಲ್ಲಿ ಒಣಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಮೊಟ್ಟೆ ಇಟ್ಟು ಮರಿ ಮಾಡಿತು. ಇವರು ಶಾಲೆ ಬಿಟ್ಟು ಬಂದವರೇ ಅಂಗಿ ಬಿಚ್ಚಿ ಕಾರಿನಡಿ ನುಗ್ಗುತ್ತಿದ್ದರು. ದಾವಣಗೆರೆಯಲ್ಲಿ ಗ್ಯಾರೇಜುಗಳಿಗೆ ಬರವಿರಲಿಲ್ಲ, ಆದರೆ ಕರೆಸುವುದು ಇವರಿಗೆ ಅವಮಾನ. ಪ್ರತಿ ರಿಪೇರಿಗೂ ಒಂದು ಸಾಧನ ಬೇಕು, ಆ ಸಾಧನ ಕೊಳ್ಳುವಂತಿಲ್ಲ, ಮಾಡಬೇಕು. ನನ್ನ ಹಿತ್ತಾಳೆಯ ಸೌಟನ್ನು ಬಗ್ಗಿಸಿ ಎಂಜಿನ್ನಿನ ತಳದಿಂದ ಎಣ್ಣೆ ಎತ್ತಿದರು. ಚಕ್ಕುಲಿ ಒರಳಿನ ತಿರುಪು ತೆಗೆದು ಒಂದು ಸ್ಪ್ರಿಂಗು ಒತ್ತಿದರು. ಆ ದೀಪಾವಳಿಗೆ ನಮ್ಮ ಮನೆಯಲ್ಲಿ ಚಕ್ಕುಲಿ ಇಲ್ಲ. ಮನೆಗೆ ಬಂದವರು ‘ಮೇಷ್ಟ್ರ ಕೈ ಭಾಳ ಚಲೋ ರೀ’ ಎಂದು ಹೊಗಳುವುದು, ನಾನು ಒಳಗೆ ಸೌಟಿಲ್ಲದೆ ಲೋಟದಲ್ಲಿ ಸಾರು ಬಡಿಸುವುದು.

ಹೀಗೆ ಒಂದೊಂದೇ ಸರಿಹೋಗಿ, ಕೊನೆಗೊಂದು ದಿನ ಎಂಜಿನ್ನು ಗುರುಗುಟ್ಟಿತು. ನಾನು ದೇವರಿಗೆ ಕೈಮುಗಿದೆ. ಆದರೆ ಕಾರು ಮುಂದೆ ಹೋಗಲಿಲ್ಲ. ನಿಂತು ನಿಂತು ಹಿಂದಿನ ಎಡಗಾಲಿಯ ಒಳಗೆ ಬ್ರೇಕಿನ ಪಟ್ಟಿ ಕಳಚಿ ಸಿಕ್ಕಿಕೊಂಡಿತ್ತಂತೆ, ಗಾಲಿ ತಿರುಗದು. ಗಾಲಿ ಬಿಚ್ಚಿದರು, ಆ ಪಟ್ಟಿಯನ್ನು ಮುಚ್ಚಿಕೊಂಡಿದ್ದ ಒಳಗಿನ ಡ್ರಮ್ಮು ಬರಲಿಲ್ಲ. ಆ ಕಾರಿನ ಡ್ರಮ್ಮು ಕೈಯಿಂದ ಎಳೆದರೆ ಬರುವುದಲ್ಲ, ಅದಕ್ಕೊಂದು ಪುಲ್ಲರ್ ಬೇಕು ಎಂದರು. ಅಪ್ಪನ ಕಾರಿಗೆ ಅದರದೇ ಪುಲ್ಲರ್ ಇತ್ತಲ್ಲ ಎಂದೆ. ಇತ್ತು, ಹರಿಹರದ ಮನೆಯ ಅಟ್ಟದ ಮೇಲೆ ಇತ್ತು. ಕಾರು ತರುವ ದಿನದ ಜಗಳದಲ್ಲಿ ಅದು ಅಲ್ಲೇ ಉಳಿದಿತ್ತು.

ನೋಡಿ ನನ್ನ ಅವಸ್ಥೆ. ಪುಲ್ಲರ್ ಸಿಗಬೇಕಾದರೆ ಹರಿಹರಕ್ಕೆ ಹೋಗಬೇಕು. ಹರಿಹರಕ್ಕೆ ಹೋಗಬೇಕಾದರೆ ಕಾರು ಓಡಬೇಕು. ಕಾರು ಓಡಬೇಕಾದರೆ ಪುಲ್ಲರ್ ಬೇಕು. ‘ಒಂದ್ ಮಾತು ಹೇಳಿಕಳಿಸ್ರಿ, ರುದ್ರ ಕೊಟ್ಟು ಕಳಿಸ್ತಾನ’ ಎಂದೆ. ‘ನಾನೇ ಮಾಡ್ತೀನಿ’ ಎಂದರು. ಇನ್ನೇನು ಹೇಳುತ್ತಾರೆ!

ಅದೇ ಹೊತ್ತಿಗೆ ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ನಮ್ಮ ಕಡೆ ತೊಟ್ಟಿಲಲ್ಲಿ ಹಾಕಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ವಿಜಯದಶಮಿಯ ಸಂಜೆ ತೊಟ್ಟಿಲು ಶಾಸ್ತ್ರ ಇಟ್ಟುಕೊಂಡಿದ್ದಾರೆ, ಹೆಸರು ಏನಿಡಬೇಕೆಂಬುದನ್ನೂ ಅಕ್ಕನಿಗೇ ಬಿಟ್ಟಿದೆ, ಇಬ್ಬರೂ ಬರಬೇಕು ಎಂದು ಹರಿಹರದಿಂದ ಬಂದವರ ಬಾಯಲ್ಲಿ ಹೇಳಿಕಳಿಸಿದ. ಬರದಿದ್ದರೆ ಅವನ ಹೆಂಡತಿಯ ಕಡೆಯವರೇ ಯಾರಾದರೂ ಹೆಸರಿಡುತ್ತಾರೆ, ‘ಆಶಾ’ ಅಂತ ಆಗಲೇ ಅಂದುಕೊಂಡಿದ್ದಾರೆ ಎಂಬುದನ್ನೂ ಬಂದವರು ಸೇರಿಸಿದರು. ನನ್ನ ಮನಸ್ಸಿನಲ್ಲಿ ಹೆಸರು ಆಗಲೇ ಇತ್ತು. ನಮ್ಮ ಅಮ್ಮನ ಹೆಸರು, ಹಾಲಮ್ಮ. ಹಳೆಯ ಕಾಲದ್ದು ಅನ್ನಲಿ, ಹಳ್ಳಿಯದು ಅನ್ನಲಿ, ಆ ಮನೆಯಲ್ಲಿ ಅಮ್ಮನ ಹೆಸರನ್ನು ಮತ್ತೆ ಯಾರಾದರೂ ಕೂಗಬೇಕು ಎಂಬ ಆಸೆ ನನಗೆ. ಅದು ನನ್ನ ಹಕ್ಕು ಕೂಡ. ಇವರಿಗೆ ಹೇಳಿದೆ. ‘ಹೋಗೋಣಂತೆ, ದಸರಾದೊಳಗ ಪುಲ್ಲರ್ ಮುಗೀತೈತೆ’ ಎಂದರು. ಆಗ ಗಣಪತಿ ಹಬ್ಬ ಇನ್ನೂ ಬಂದಿರಲಿಲ್ಲ. ಅಷ್ಟು ದಿನ ಸಾಕೇ ಸಾಕು ಎಂದು ನಾನೂ ನಂಬಿದೆ.

ಮೊದಲ ಎರಡು ವಾರ ಚಿತ್ರ ಬರೆದರು. ಮೇಲಿನಿಂದ ನೋಡಿದರೆ ಹೀಗೆ, ಪಕ್ಕದಿಂದ ನೋಡಿದರೆ ಹೀಗೆ, ಸೀಳಿ ನೋಡಿದರೆ ಹೀಗೆ. ಕಬ್ಬಿಣಕ್ಕೆ ನೀಲಿ, ಬೋಲ್ಟಿಗೆ ಕೆಂಪು. ನೆರಳು ಕೂಡ ಹಾಕಿದ್ದರು. ಆಮೇಲೆ ಅದನ್ನು ಹಿಡಿದು ಹುಸೇನ್ ಸಾಬರ ಅಂಗಡಿಗೆ ಹೋದರು. ಹುಸೇನ್ ಸಾಬರು ಗಾಡಿ ಅಚ್ಚು, ಬಾವಿ ರಾಟೆ, ಹತ್ತಿ ಜಿನ್ನಿನ ಬಿಡಿಭಾಗ ಎಲ್ಲ ಮಾಡುತ್ತಿದ್ದವರು. ಕೆಲಸ ಒಳ್ಳೆಯದು, ಆದರೆ ಕೆಲಸ ಶುರುವಾಗಬೇಕಾದರೆ ಮೊದಲು ಚಹಾ ಬರಬೇಕು, ಮಂಡಕ್ಕಿ ಬರಬೇಕು, ಊರಿನ ಸುದ್ದಿಯೆಲ್ಲ ಮುಗಿಯಬೇಕು. ಇವರಿಗೂ ಅದೇ ಬೇಕಾಗಿತ್ತು.

ತೂತುಗಳು ಗಾಲಿಯ ಬೋಲ್ಟುಗಳಿಗೆ ಸರಿಯಾಗಿ ಕೂರಬೇಕು, ಕೂದಲಷ್ಟು ಆಚೀಚೆ ಆದರೂ ಹತ್ತುವುದಿಲ್ಲ. ಅಳತೆಗೆ ಇವರು ನನ್ನ ಹೊಲಿಗೆಯ ಟೇಪು ಒಯ್ದಿದ್ದರು, ನನ್ನನ್ನು ಕೇಳದೆ. ಆ ಟೇಪಿನ ಮೊದಲ ಅಂಗುಲ ಹರಿದುಹೋಗಿತ್ತು. ನಾನು ರವಿಕೆಗೆ ಅಳತೆ ಹಿಡಿಯುವಾಗ ಒಂದಂಗುಲ ಕಳೆದುಕೊಂಡು ಲೆಕ್ಕ ಮಾಡುತ್ತಿದ್ದೆ. ಇವರು ಕಳೆಯಲಿಲ್ಲ. ದಪ್ಪ ಕಬ್ಬಿಣವನ್ನು ದಿನಗಟ್ಟಲೆ ಕೊರೆದು ತಂದ ಬಿಲ್ಲೆಯನ್ನು ಡ್ರಮ್ಮಿಗೆ ಹಿಡಿದರೆ ಒಂದು ತೂತೂ ಕೂರಲಿಲ್ಲ. ಇವರು ಹುಸೇನ್ ಸಾಬರನ್ನು ಬೈದರು. ಹುಸೇನ್ ಸಾಬರು ಕಬ್ಬಿಣವನ್ನು ಬೈದರು. ಟೇಪಿನ ವಿಷಯ ನಾನು ಹೇಳಿದಾಗ ಇಬ್ಬರೂ ಕೂಡಿ ನನ್ನ ಟೇಪನ್ನು ಬೈದರು.

ಎರಡನೆಯ ಸಲ ಟೇಪು ಬೇಡ, ಅಚ್ಚು ತೆಗೆಯೋಣ ಎಂದರು. ಬೆಳಿಗ್ಗೆ ರೊಟ್ಟಿಗೆಂದು ಜೋಳದ ಹಿಟ್ಟು ನಾದಿಟ್ಟು ಹಿತ್ತಲಿಗೆ ಹೋಗಿದ್ದೆ. ಬಂದು ನೋಡಿದರೆ ಪರಾತದಲ್ಲಿ ಹಿಟ್ಟಿಲ್ಲ. ಹೊರಗೆ ಇವರು ಅಷ್ಟೂ ಹಿಟ್ಟನ್ನು ದಪ್ಪ ರೊಟ್ಟಿಯ ಹಾಗೆ ತಟ್ಟಿ ಡ್ರಮ್ಮಿನ ಮೇಲೆ ಒತ್ತಿ ಹಿಡಿದಿದ್ದರು. ಬೋಲ್ಟುಗಳ ಗುರುತು ಮುದ್ದಾಗಿ ಮೂಡಿತ್ತು. ಅದನ್ನು ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದರು. ಮನೆಯಲ್ಲಿ ಎಲ್ಲರೂ ಅನ್ನ ಮಜ್ಜಿಗೆ ಉಂಡೆವು.

ಆ ಸಂಜೆ ಹುಸೇನ್ ಸಾಬರೇ ತಟ್ಟೆ ವಾಪಸ್ ಕೊಡಲು ಬಂದರು. ‘ಅಮ್ಮಾ, ಮೇಷ್ಟ್ರು ಅರ್ಜೆಂಟಾಗಿ ತಟ್ಟೆ ಇಟ್ಟು ಸ್ಕೂಲಿಗೆ ಹೋದ್ರು. ನಮ್ಮ ಹುಡುಗರು ಹಬ್ಬದ ಊಟ ಬಂತು ಅಂತ ಬಟ್ಟೆ ತೆಗದ್ರು ನೋಡ್ರಿ. ಹಸಿ ಹಿಟ್ಟು! ಬೇಯಿಸ್ಕೊಂಡು ತಿನ್ನಬೇಕೇನೋ ಅಂತ ಯೋಚನಿ ಮಾಡ್ತಿದ್ವಿ’ ಎಂದರು.

‘ತಿಂದಿದ್ರೆ ಚಲೋ ಇತ್ತು ಸಾಬ್ರೆ’ ಎಂದೆ.

ಯಾಕೆಂದರೆ ಇವರು ಶಾಲೆ ಮುಗಿಸಿ ಅಂಗಡಿಗೆ ಹೋಗುವಷ್ಟರಲ್ಲಿ ಕುಲುಮೆಯ ಕಾವಿಗೆ ಹಿಟ್ಟು ಒಣಗಿ, ಕುಗ್ಗಿ, ಅಂಚೆಲ್ಲ ಬಿರಿದಿತ್ತು. ಗೋಧಿಯಾದರೆ ಅಂಟು ಇರುತ್ತದೆ, ಜೋಳದ ಹಿಟ್ಟು ಬಿರಿಯದೆ ಇನ್ನೇನು ಮಾಡೀತು? ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಗಂಡಸು, ದಿನಕ್ಕೆರಡು ಹೊತ್ತು ರೊಟ್ಟಿ ತಿಂದವರು, ಅಷ್ಟು ಗೊತ್ತಿಲ್ಲವೇ? ಗೊತ್ತಿಲ್ಲ. ಬಿರಿದ ಹಿಟ್ಟಿನ ಅಳತೆಗೆ ಎರಡನೆಯ ಬಿಲ್ಲೆ ತಯಾರಾಯಿತು. ಅದೂ ಕೂರಲಿಲ್ಲ. ಆ ಹೊತ್ತಿಗೆ ಪಕ್ಷಮಾಸ ಬಂದಿತ್ತು.

ಅಂದು ಇವರು ಎರಡೂ ಬಿಲ್ಲೆಗಳನ್ನು ಮುಂದಿಟ್ಟುಕೊಂಡು ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದರು. ಬಿಚ್ಚಿದ ಗಾಲಿ ಗೋಡೆಗೆ ಒರಗಿ ನಿಂತಿತ್ತು. ನಾನು ಕಸ ಗುಡಿಸುತ್ತಾ ಅದನ್ನು ಆಚೆ ಸರಿಸುವಾಗ ನೋಡಿದೆ. ‘ಅಲ್ರಿ, ಈ ಗಾಲೀನ ಆ ಬೋಲ್ಟಿಗೇ ಅಲ್ಲೇನು ಕೂಡ್ಸೋದು? ಇದಕ್ಕೇ ತೂತು ಅದಾವಲ್ಲ. ಇದನ್ನ ಆ ಕಬ್ಬಿಣದ ಮೇಲೆ ಇಟ್ಟು ಗುರುತು ಮಾಡಿದ್ರೆ ಆಗಂಗಿಲ್ಲೇನು?’ ಎಂದೆ.

ಇವರು ಎದ್ದು ಒಳಗೆ ಹೋದರು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ, ‘ರಾತ್ರಿ ನನಗೊಂದು ವಿಚಾರ ಹೊಳೀತು. ಗಾಲೀನೇ ಅಳತೆಗೆ ಒಯ್ದರೆ ಹೆಂಗೆ ಅಂತ’ ಎಂದರು. ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ದೇವರು ದೊಡ್ಡವನು, ಅದು ಕೈಯಲ್ಲೇ ಉಳಿಯಿತು.

ಮೂರನೆಯ ಬಿಲ್ಲೆ ಕೂತಿತು. ನಡುವೆ ನಟ್ಟು ಬೆಸೆದದ್ದಾಯಿತು, ಬೋಲ್ಟಿನ ತುದಿಯನ್ನು ಹದಕ್ಕೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ್ದೂ ಆಯಿತು. ಇವರು ಆ ಪುಲ್ಲರ್ ಹಿಡಿದು ಮನೆಗೆ ಬಂದದ್ದು ಆಯುಧ ಪೂಜೆಯ ಹಿಂದಿನ ಸಂಜೆ. ನಾಳೆ ಒಂದು ದಿನ, ನಾಡಿದ್ದು ಅರ್ಧ ದಿನ, ಬೇಕಾದಷ್ಟಾಯಿತು ಎಂದು ನಾನು ಒಳಗೊಳಗೇ ಸೀರೆ ಯಾವುದು ಉಡಲಿ ಎಂದು ಯೋಚಿಸತೊಡಗಿದೆ. ಪಡಸಾಲೆಯಲ್ಲಿ ಅತ್ತೆ ಆಗಲೇ ಮಣೆ ಹಾಕಿ ಮನೆಯ ಕತ್ತಿ, ಕುಡುಗೋಲು, ಈಳಿಗೆ, ನನ್ನ ಕತ್ತರಿ, ಇವರ ಸುತ್ತಿಗೆ ಪಾನಾ ಎಲ್ಲ ತೊಳೆದು ಜೋಡಿಸುತ್ತಿದ್ದರು. ಇವರ ಕೈಯಲ್ಲಿನ ಬಿಲ್ಲೆ ಕಂಡಿತು.

‘ಏ, ಇಡೋ ಅದನ್ನ ಇಲ್ಲಿ. ಹೊಸಾ ಆಯುಧ, ಪೂಜಿ ಇಲ್ದೆ ಕೈ ಹಚ್ತಾರೇನು?’

‘ಒಂದೇ ಒಂದ್ ಸಲ ಹಾಕಿ ನೋಡ್ತೀನವ್ವ.’

‘ನಾಳೆ ಪೂಜಿ. ನಾಡಿದ್ದು ಕದಲಿಸಿದ ಮ್ಯಾಲೆ ಎಷ್ಟು ಸಲ ಬೇಕಾರ ನೋಡ್ಕ.’

ಅಷ್ಟೇ. ನನ್ನ ಮಾತಿಗೆ ಇಷ್ಟು ವರ್ಷ ಬಗ್ಗದ ತಲೆ ಅವರ ಅವ್ವನ ಮಾತಿಗೆ ತಟಕ್ಕನೆ ಬಗ್ಗಿತು. ಪುಲ್ಲರ್ ಮಣೆಯ ನಡುವೆ ಕೂತಿತು. ಮರುದಿನ ಅದಕ್ಕೆ ವಿಭೂತಿ, ಕುಂಕುಮ, ಚೆಂಡುಹೂವು. ಅಕ್ಕಪಕ್ಕದವರೆಲ್ಲ ಬಂದು ಕೈಮುಗಿದು ಮಂಡಕ್ಕಿ ತಿಂದು ಹೋದರು. ಇವರು ಪಕ್ಕದಲ್ಲಿ ಮದುವಣಿಗನ ಹಾಗೆ ಕೂತಿದ್ದರು. ನಾನು ಒಳಗೆ ಈಳಿಗೆಯಿಲ್ಲದೆ ಬೆರಳಲ್ಲಿ ಹುರುಳಿಕಾಯಿ ಮುರಿಯುತ್ತಾ ಲೆಕ್ಕ ಹಾಕಿದೆ. ಈ ಮನೆಯಲ್ಲಿ ಯಾವ ರಿಪೇರಿಯೂ ಒಂದು ದಿನದಲ್ಲಿ ಮುಗಿದದ್ದಿಲ್ಲ. ನಾಳೆ ಬೆಳಿಗ್ಗೆ ಶುರುಮಾಡಿದರೆ ಸಂಜೆಗೆ ಹರಿಹರ ಸೇರಿದ ಹಾಗೆಯೇ. ನನ್ನ ಕಣ್ಣ ಮುಂದೆ ಯಾರೋ ಹೆಂಗಸು ತೊಟ್ಟಿಲಿಗೆ ಬಗ್ಗಿ ‘ಆಶಾ’ ಎನ್ನುತ್ತಿದ್ದಳು.

ತಲೆ ಕೆಟ್ಟುಹೋಯಿತು. ಹುರುಳಿಕಾಯಿ ಅಲ್ಲೇ ಬಿಟ್ಟು, ಸೀರೆ ಬದಲಾಯಿಸಿ, ‘ಅತ್ತಿ, ಹರಿಹರಕ್ಕೆ ಹೋಗಿ ಸಂಜಿಯೊಳಗ ಬರ್ತೀನಿ’ ಎಂದು ಹೊರಟೆ. ಅಪ್ಪನ ಕಾರಿನ ಅಸಲು ಪುಲ್ಲರ್ ತಮ್ಮನ ಮನೆಯಲ್ಲಿದೆ. ನಾನೇ ತಂದು ಇವರ ಕೈಗೆ ಕೊಟ್ಟು, ಪೂಜೆಯದು ಪೂಜೆಯಲ್ಲೇ ಇರಲಿ, ಇವತ್ತೇ ಇದರಿಂದ ಎಳೀರಿ ಎನ್ನಬೇಕು. ಬಸ್ಸಿನ ಮೂತಿಗೆ ಬಾಳೆಕಂದು ಕಟ್ಟಿದ್ದರು. ದಾರಿಯುದ್ದಕ್ಕೂ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಹರಿಹರದ ಮನೆಯ ಬಾಗಿಲಲ್ಲಿ ಒಡೆದ ಬೂದುಗುಂಬಳ, ಕುಂಕುಮ. ತಮ್ಮ ಪಂಚೆಯುಟ್ಟು ಬಾಗಿಲಲ್ಲೇ ನಿಂತಿದ್ದ. ನನ್ನನ್ನು ಕಂಡು ಬಾಯಿ ಬಿಟ್ಟ.

‘ಅಕ್ಕಾ! ಭಾವ ಎಲ್ಲಿ?’

‘ಭಾವನ ಸುದ್ದಿ ಆಮೇಲೆ. ಅಪ್ಪನ ಕಾರಿನ ಪುಲ್ಲರ್ ಎಲ್ಲೈತೆ? ಮೊದ್ಲು ಅದನ್ನ ಕೊಡು.’

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಪಡಸಾಲೆಯ ಕಡೆ ಕೈ ತೋರಿಸಿದ. ಅಲ್ಲಿ ಮಣೆಯ ಮೇಲೆ ಅವನ ಸುತ್ತಿಗೆ, ಅರ, ಪಾನಾಗಳ ಸಾಲು. ನಡುವೆ ಅಪ್ಪನ ಕಾರಿನ ಪುಲ್ಲರ್, ವಿಭೂತಿ ಬಳಿದುಕೊಂಡು, ಚೆಂಡುಹೂವು ಮುಡಿದುಕೊಂಡು ಕೂತಿತ್ತು.

‘ಅಕ್ಕ, ಇವತ್ತು ಆಯುಧ ಮುಟ್ಟಂಗಿಲ್ಲ. ದಾವಣಗೇರಿಯಾಗ ಹಬ್ಬ ಇಲ್ಲೇನು?’ ಎಂದ.

ಅಷ್ಟು ಹೊತ್ತು ತಡೆದುಕೊಂಡಿದ್ದು ಕಿತ್ತುಕೊಂಡು ಬಂತು. ಬಾಗಿಲಲ್ಲೇ ಕೂತು ಅತ್ತುಬಿಟ್ಟೆ. ಟೇಪು, ಜೋಳದ ಹಿಟ್ಟು, ಮೂರು ಬಿಲ್ಲೆ, ಅತ್ತೆಯ ಮಣೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಹಿಟ್ಟಿನ ಮಾತಿಗೆ ನಗತೊಡಗಿದ. ‘ನಗಬ್ಯಾಡ, ನಿನ್ನ ಬಾಯಿಂದಲೇ ಇಷ್ಟೆಲ್ಲ ಆಗಿದ್ದು. ಬಾತಿ ಅಂತೆ, ಗುಡ್ಡ ಅಂತೆ!’ ಎಂದು ಗದರಿದೆ. ತಮ್ಮನ ಹೆಂಡತಿ ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಮಗುವಿನ ಹಣೆ ಥೇಟ್ ಅಮ್ಮನದೇ. ಹೆಸರು ನಾಲಿಗೆಯ ತುದಿಗೆ ಬಂತು. ಶಾಸ್ತ್ರಕ್ಕೆ ಮೊದಲು ಆಡಬಾರದು ಎಂದು ತುಟಿ ಕಚ್ಚಿಕೊಂಡೆ. ನಾಳೆ ನಾನು ಬರುವುದೋ ಇಲ್ಲವೋ ಗೊತ್ತಿರಲಿಲ್ಲ.

‘ಭಾವ ನನ್ನ ಕರೆದಿದ್ರೆ ನಾನೇ ಬಂದು ಬಿಚ್ಚಿಕೊಡ್ತಿದ್ದೆ’ ಎಂದ ತಮ್ಮ, ನೆಲ ನೋಡುತ್ತಾ.

‘ಈಗ ನಾನು ಕರೀತೀನಿ. ಬರ್ತಿಯೋ ಇಲ್ವೋ?’

ಅವನು ಮಗುವಿನ ಕುಲಾವಿ ಸರಿಮಾಡಿದ. ನಾನು ಬಸ್ಸು ಹತ್ತಿ ಬಂದೆ. ಎಲ್ಲಿಗೆ ಹೋಗಿದ್ದೆ ಎಂದು ಇವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಅತ್ತೆ ಮಣೆ ಕದಲಿಸಿದರು. ಇವರು ಪುಲ್ಲರಿಗೆ ಅಂಟಿದ ಕುಂಕುಮ ಒರೆಸುತ್ತಿರುವಾಗ ಗೇಟಿನ ಸದ್ದಾಯಿತು. ರುದ್ರೇಶ. ಕೈಯಲ್ಲಿ ಚೀಲ. ಸಂಜೆ ಮನೆಯಲ್ಲಿ ಶಾಸ್ತ್ರ ಇಟ್ಟುಕೊಂಡು ಮೊದಲ ಬಸ್ಸಿಗೆ ಬಂದಿದ್ದ. ಇವರು ತಲೆ ಎತ್ತಿ ನೋಡಿದರು, ಮತ್ತೆ ಒರೆಸಿದರು. ‘ಬಾ’ ಎನ್ನಲಿಲ್ಲ. ಅವನೂ ‘ಹೆಂಗಿದೀರಿ ಭಾವ’ ಎನ್ನಲಿಲ್ಲ. ನೆಟ್ಟಗೆ ಕಾರಿನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ಡ್ರಮ್ಮನ್ನು ಬೆರಳಲ್ಲಿ ತಟ್ಟಿ ನೋಡಿದ. ಚೀಲಕ್ಕೆ ಕೈಹಾಕಿದ. ಅಪ್ಪನ ಕಾರಿನ ಪುಲ್ಲರ್ ಅರ್ಧ ಹೊರಗೆ ಬಂದಿತ್ತು. ಆಗ ಇವರ ಕೈಯಲ್ಲಿದ್ದ ಬಿಲ್ಲೆ ಅವನ ಕಣ್ಣಿಗೆ ಬಿತ್ತು.

‘ಯಾರು ಮಾಡಿದ್ದು?’

‘ನಾವೇ.’

ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಬೋಲ್ಟಿನ ಹಲ್ಲುಗಳ ಮೇಲೆ ಉಗುರು ಎಳೆದ. ‘ಬೋಲ್ಟು ಗಟ್ಟಿ ಐತೆ’ ಎಂದ. ಮತ್ತೆ, ನಾನು ನೋಡುತ್ತಿರುವಂತೆಯೇ, ಅಪ್ಪನ ಕಾರಿನದನ್ನು ಚೀಲದೊಳಕ್ಕೆ ತುರುಕಿ, ಚೀಲದ ಬಾಯಿ ಕಟ್ಟಿ ಆಚೆ ಇಟ್ಟ. ‘ಇದನ್ನೇ ಹಾಕ್ರಿ ಭಾವ.’

ನನ್ನ ಕಥೆ ಕೇಳಿ. ಇಷ್ಟು ವರ್ಷ ಇಬ್ಬರೂ ಹಟಕ್ಕೆ ಬಿದ್ದು ನನ್ನ ಪ್ರಾಣ ತಿಂದರು. ಈಗ ಮರ್ಯಾದೆ ಶುರುವಾಯಿತು. ಬಿಲ್ಲೆ ಕೂರಿಸಿ ಬೋಲ್ಟು ಬಿಗಿದರು, ಡ್ರಮ್ಮು ಅಲುಗಲಿಲ್ಲ. ಪಾನಾಕ್ಕೆ ಕೊಳವೆ ತೊಡಿಸಿ ಇಬ್ಬರೂ ಜೋತುಬಿದ್ದರು. ಅಲುಗಲಿಲ್ಲ. ‘ನೀನು ಹೊಡಿ’ ಎಂದು ಇವರು, ‘ನೀವೇ ಹೊಡೀರಿ ಭಾವ, ನಿಮ್ಮದು’ ಎಂದು ಅವನು. ಬಿಸಿಲು ನೆತ್ತಿಗೆ ಬಂತು.

‘ಲೋ ರುದ್ರಾ, ಚೀಲದಾಗ ಇರೋದು ತೆಗಿಯೋ!’ ಎಂದು ಕೂಗಿದೆ.

‘ಸುಮ್ನಿರಕ್ಕ. ಇದು ಬರ್ತೈತೆ.’

‘ಬರ್ತೈತೆ, ಬರ್ತೈತೆ’ ಎಂದು ಇವರು ದನಿಗೂಡಿಸಿದರು. ಮದುವೆಯಾದಾಗಿನಿಂದ ಇವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು, ಅದೂ ನನ್ನ ವಿರುದ್ಧ. ನಾನೇ ಹೋಗಿ ಚೀಲಕ್ಕೆ ಕೈಹಾಕಲೇ ಎಂದುಕೊಂಡೆ. ತಮ್ಮ ಚೀಲವನ್ನು ಕಾಲಿನಿಂದ ಹಿಂದಕ್ಕೆ ಸರಿಸಿಕೊಂಡ.

ಕೊನೆಗೆ ಬೋಲ್ಟನ್ನು ಬಿಗಿದು ಹಾಗೇ ಬಿಟ್ಟು, ಅದರ ಮೇಲೆ ಬಲ ಬೀಳುತ್ತಾ ಇರಲಿ, ತಾನಾಗಿ ಬಿಡುತ್ತದೆ ಎಂದು ಇಬ್ಬರೂ ಕಟ್ಟೆಗೆ ಬಂದು ಕೂತರು. ನಾನು ಕಾಫಿಯ ಲೋಟಗಳನ್ನು ಕುಕ್ಕಿ ಇಟ್ಟೆ. ಹಿಂದಿನ ದಿನದ ಮಂಡಕ್ಕಿ ಇಟ್ಟೆ. ಒಂದೇ ತಟ್ಟೆಗೆ ಇಬ್ಬರೂ ಕೈಹಾಕಿ ತಿನ್ನತೊಡಗಿದರು. ಮಾತಿಲ್ಲ. ಅವಸರವೂ ಇಲ್ಲ. ಇನ್ನೇನು ನಾನು ಬಾಯಿ ಬಿಡಬೇಕು, ಬೇವಿನ ಮರದಡಿ ಢಂ ಎಂದು ಸದ್ದಾಯಿತು. ಮರದ ಕಾಗೆಗಳೆಲ್ಲ ಎದ್ದವು. ಅತ್ತೆ ಒಳಗಿನಿಂದ ‘ಶಿವ ಶಿವಾ’ ಎನ್ನುತ್ತಾ ಓಡಿಬಂದರು. ಡ್ರಮ್ಮು ಬಿಲ್ಲೆಯ ಸಮೇತ ಸಡಿಲಾಗಿ ನಿಂತಿತ್ತು.

‘ಬಂತಲ್ಲ!’ ಎಂದು ಇಬ್ಬರೂ ಓಡಿದರು. ಆಮೇಲೆ ಮಾತೇ ಮಾತು. ಬ್ರೇಕಿನ ಹೊಸ ಪಟ್ಟಿಯನ್ನು ಇವರು ಮೊದಲೇ ಮಾಡಿಸಿ ಇಟ್ಟಿದ್ದರು. ಅದನ್ನು ಕೂರಿಸುವಾಗ ಪ್ರತಿ ತಿರುಪಿಗೂ ಒಂದು ಚರ್ಚೆ. ನಾನು ತಲೆಗೆ ಹೂವು ಮುಡಿದು ಹಿಂದಿನ ಸೀಟಿನಲ್ಲಿ ಹೋಗಿ ಕೂತುಬಿಟ್ಟೆ. ಕಾರು ಹೊರಡುವವರೆಗೂ ಇಳಿಯುವುದಿಲ್ಲ ಎಂದೆ. ಗಾಲಿ ಹಾಕುವಾಗ ಜಾಕಿಯ ಮೇಲೆ ನಾನೂ ಏರಿದೆ, ಇಳಿದೆ. ಹೊತ್ತು ಇಳಿಯುವಾಗ ಹೊರಟೆವು. ದಾರಿಯಲ್ಲಿ ಜನ ಬನ್ನಿ ಹಿಡಿದುಕೊಂಡು ಹೋಗುತ್ತಿದ್ದರು. ಬಾತಿ ಬಂದಾಗ ಇವರು ಕಾರನ್ನು ಬೇಕೆಂತಲೇ ನಿಧಾನ ಮಾಡಿದರು. ತಮ್ಮ ಇನ್ನೊಂದು ಕಡೆಯ ಗದ್ದೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ನಾನು ಹಿಂದಿನಿಂದ, ‘ಮುಂದೆ ನೋಡಿ ಓಡಿಸ್ರಿ’ ಎಂದೆ.

ನಾವು ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಹೆಂಗಸರು ತೊಟ್ಟಿಲ ಸುತ್ತ ಕೂತು ಕಾದು ಬೇಸತ್ತಿದ್ದರು. ನಾನು ಕಾರು ನಿಲ್ಲುವ ಮೊದಲೇ ಇಳಿದು ಒಳಗೆ ಓಡಿದೆ. ಕಾಲು ತೊಳೆದು, ಮಗುವನ್ನು ಎತ್ತಿಕೊಂಡು, ತೊಟ್ಟಿಲಲ್ಲಿ ಮಲಗಿಸಿ, ಕಿವಿಯ ಹತ್ತಿರ ಬಗ್ಗಿ ಹಾಲಮ್ಮ ಎಂದೆ. ಬೆನ್ನ ಮೇಲೆ ಧಬಧಬ ಗುದ್ದು ಬಿತ್ತು, ಹೆಸರಿಟ್ಟ ಸೋದರತ್ತೆಗೆ ಬೀಳುವ ಗುದ್ದು. ಅಷ್ಟು ಸುಖದ ಪೆಟ್ಟು ನನಗೆ ಮತ್ತೆ ಬಿದ್ದಿಲ್ಲ. ಕಣ್ಣೊರೆಸಿಕೊಂಡು ತಮ್ಮನಿಗೆ ಹೇಳಲು ಹೊರಗೆ ಬಂದೆ.

ಹೊರಗೆ ಯಾರೂ ಇಲ್ಲ. ಕಾರಿನಡಿಯಿಂದ ಎರಡು ಜೊತೆ ಕಾಲು ಚಾಚಿಕೊಂಡಿದ್ದವು. ಲಾಟೀನು ನೆಲದ ಮೇಲಿತ್ತು. ಪಾನಾದ ಸದ್ದು, ಜೊತೆಗೆ ಗುಸುಗುಸು.

‘ರುದ್ರಾ, ಹೆಸರಿಟ್ಟೆ ಕಣೋ’ ಎಂದೆ.

‘ಹೂಂ ಅಕ್ಕ. ಆ ಸಣ್ಣ ಪಾನಾ ಈ ಕಡೆ ಕೊಡು’ ಎಂದಿತು ಕಾರಿನಡಿಯ ದನಿ.

ಕೊಡಲೆಂದು ಪಾನಾ ಎತ್ತಿದೆ. ಕೊಡಲಿಲ್ಲ. ಇಷ್ಟು ವರ್ಷದ ಸಿಟ್ಟೆಲ್ಲ ಗಂಟಲಿಗೆ ಬಂತು. ಕಿವಿಯಲ್ಲಿ ಪಿಸುಗುಟ್ಟಿದ ಹೆಸರನ್ನು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ‘ಹಾಲಮ್ಮಾ! ಹಾಲಮ್ಮ ಅಂತ ಇಟ್ಟೀನಿ!’

ಪಾನಾದ ಸದ್ದು ನಿಂತಿತು. ಒಳಗೆ ಮಗು ಎದ್ದು ಅಳತೊಡಗಿತು. ಒಂದು ಜೊತೆ ಕಾಲು ನಿಧಾನಕ್ಕೆ ಹೊರಗೆ ಸರಿಯಿತು, ಅದರ ಹಿಂದೆ ತಮ್ಮ. ಮುಖವೆಲ್ಲ ಮಸಿ. ಎದ್ದು ನಿಲ್ಲಲಿಲ್ಲ, ನೆಲದ ಮೇಲೆ ಹಾಗೇ ಕೂತ. ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನನ್ನು ನೋಡಿದ.

‘ಇನ್ನೊಂದ್ ಸಲ ಕೂಗು ಅಕ್ಕ’ ಎಂದ.